ನಾಟಕದ ಹಳೇ ಹ್ಯಾಂಡ್‌ಬಿಲ್ಲಿಗೆ ಕಟ್ಟು ಹಾಕಿಸುವ ಮುಂಚೆ

ಕಂಪನಿ ನಾಟಕದ ಹಳೇ ಪೋಸ್ಟರು, ಹ್ಯಾಂಡ್‌ಬಿಲ್ಲು ಅಜ್ಜನ ಟ್ರಂಕಿನಲ್ಲಿ ಸಿಕ್ಕ ಕೂಡಲೇ ಜನ ಮಾಡುವ ಕೆಲಸ ಒಂದೇ. ಸುರುಳಿ ಸುತ್ತಿಕೊಂಡು ಸೀದಾ ಫೋಟೊಗೆ ಕಟ್ಟು ಹಾಕುವ ಅಂಗಡಿಗೆ ಹೋಗುತ್ತಾರೆ. ನಮ್ಮ ಸೋದರಮಾವನೂ ಹಾಗೇ ಮಾಡಿದರು. ಅಂಗಡಿಯವನು ಹಾರ್ಡ್‌ಬೋರ್ಡಿಗೆ ಬಿಳಿ ಅಂಟು ಬಳಿದು ಆ ಗುಲಾಬಿ ಹಾಳೆಯನ್ನು ಮೆತ್ತಿದ, ಮೇಲೆ ಲ್ಯಾಮಿನೇಶನ್ ಬೇರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಎದ್ದು, ನಾಯಕಿಯ ಹೆಸರಿನ ಮೇಲೆ ಸರಿಯಾಗಿ ಒಂದು ಕಂದು ಕಲೆ ಬಂತು. ಬಿಡಿಸೋಣ ಅಂದರೆ ಹಾಳೆ ಅಂಟಿನ ಜೊತೆಗೇ ಬರುತ್ತದೆ.

ಹ್ಯಾಂಡ್‌ಬಿಲ್ಲು ಒಂದು ರಾತ್ರಿಯ ಆಟಕ್ಕೆ ಮಾಡಿದ್ದು. ಅಗ್ಗದ, ಮರದ ತಿರುಳಿನ ಕಾಗದ, ಅದರೊಳಗೇ ಆಮ್ಲ ಇರುತ್ತದೆ. ಅದಕ್ಕೇ ಹಳದಿಯಾಗಿ, ಹಪ್ಪಳದ ಹಾಗೆ ಮುರಿಯುತ್ತದೆ. ಇದಕ್ಕೆ ಮದುವೆ ಫೋಟೊದ ಉಪಚಾರ ಸಾಲದು.

ಮೊದಲ ಕೆಲಸ, ಅದು ಯಾವ ಕಾಲದ್ದು ನೋಡಿಕೊಳ್ಳಿ. ಬಹಳಷ್ಟು ಹ್ಯಾಂಡ್‌ಬಿಲ್ಲಿನಲ್ಲಿ ವಾರ, ತಾರೀಖು ಇರುತ್ತದೆ, ಇಸವಿ ಇರುವುದಿಲ್ಲ. ಟಿಕೆಟ್ ದರ ಆಣೆಯಲ್ಲಿದ್ದರೆ ಹೆಚ್ಚುಕಡಿಮೆ 1957ಕ್ಕೆ ಮುಂಚಿನದು, ಆ ವರ್ಷ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು (ಆಮೇಲೂ ಕೆಲವು ಕಾಲ ಜನ ಆಣೆ ಲೆಕ್ಕ ಬಿಡಲಿಲ್ಲ ಅನ್ನುವುದು ನೆನಪಿರಲಿ). ಕೆಳತುದಿಯಲ್ಲಿ ಸಣ್ಣಕ್ಷರದಲ್ಲಿ ಪ್ರೆಸ್ಸಿನ ಹೆಸರು, ಊರು ಇರುತ್ತದೆ. ಅದನ್ನು ಹಾಕಲೇಬೇಕು ಅಂತ 1867ರ ಕಾನೂನೇ ಇತ್ತು. ಕಟ್ಟಿನ ಅಂಚು ಈ ಸಾಲನ್ನೇ ಮುಚ್ಚುವ ಹಾಗೆ ಹಾಕಿಸಿದವರನ್ನು ತುಂಬಾ ನೋಡಿದ್ದೀನಿ. ಅಂಚು ಕತ್ತರಿಸಿ 'ನೀಟ್' ಮಾಡಿಸಿದವರೂ ಇದ್ದಾರೆ, ಅವರ ಬಗ್ಗೆ ಏನೂ ಹೇಳಲ್ಲ.

ಆಮೇಲೆ ಒಂದು ಸ್ಕ್ಯಾನ್ ಮಾಡಿಸಿ. ಅದೇ ಅಳತೆಯ ಪ್ರತಿ ಸಾಕಾದರೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಅನ್ನುವ ಲೆಕ್ಕ), ದೊಡ್ಡದು ಮಾಡಿಸುವುದಾದರೆ 600. ಗುಬ್ಬಿ ಕಂಪನಿಯಂಥದ್ದರ ಅಸಲಿ ಪೋಸ್ಟರು ನಿಮ್ಮ ಹತ್ತಿರ ಇದ್ದರೆ, 1884ರಲ್ಲಿ ಶುರುವಾಗಿ 'ಕುರುಕ್ಷೇತ್ರ'ಕ್ಕೆ ರಂಗದ ಮೇಲೆ ನಿಜವಾದ ಆನೆ ತಂದ ಕಂಪನಿ ಅದು, ದಯವಿಟ್ಟು ಗೋಡೆಗೆ ನಕಲು ಹಾಕಿ ಅಸಲಿಯನ್ನು ಬೀರುವಿನಲ್ಲಿ ಮಲಗಿಸಿಡಿ. ನಕಲಿಗೆ ಟೀ ಡಿಕಾಕ್ಷನ್ ಬಳಿದು ಹಳೇದರ ಥರ ಮಾಡುವುದು ಮಾತ್ರ ಬೇಡ. ಯಾರಿಗೆ ಮೋಸ?

ಮಡಿಕೆ ಬಿಡಿಸುವುದು ಮುಂದಿನದು. ಇಸ್ತ್ರಿಪೆಟ್ಟಿಗೆ ಮುಟ್ಟಲೇಬೇಡಿ. ನೀರೂ ಚಿಮುಕಿಸಬೇಡಿ, ಯಾಕೆಂದರೆ ಕಪ್ಪು ಶಾಯಿ ಎಣ್ಣೆಯದ್ದು, ಅದು ಹರಡುವುದಿಲ್ಲ, ಆದರೆ ಗುಲಾಬಿ, ಹಸಿರು ಕಾಗದದ ಬಣ್ಣವೇ ಇಳಿದುಬಿಡುತ್ತದೆ. ಎರಡು ಬಿಳಿ ಬ್ಲಾಟಿಂಗ್ ಹಾಳೆಗಳ ನಡುವೆ ಇಟ್ಟು, ಮೇಲೆ ಗಾಜು, ಅದರ ಮೇಲೆ ನಾಲ್ಕು ದಪ್ಪ ನಿಘಂಟು. ಹದಿನೈದು ದಿನ ಮರೆತುಬಿಡಿ. ಸೆಲ್ಲೋ ಟೇಪ್ ಅಂಟಿದ್ದರೆ ಕೀಳಬೇಡಿ, ಬಿಡಿ, ಇರಲಿ.

ಈಗ ಎಲ್ಲರೂ ಎಡವುವ ಜಾಗ: ಹಾಳೆಯನ್ನು ಬೋರ್ಡಿನ ಮೇಲೆ ನಿಲ್ಲಿಸುವುದು. ಒಂದು ಮಾತು ಗಟ್ಟಿಯಾಗಿ ಇಟ್ಟುಕೊಳ್ಳಿ, ಹಾಳೆಯನ್ನು ನಾಲ್ಕೂ ಕಡೆ ಯಾವತ್ತೂ ಅಂಟಿಸಬಾರದು. ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕಟ್ಟಿಹಾಕಿದರೆ ಸುಕ್ಕುಗಟ್ಟುತ್ತದೆ, ಇಲ್ಲಾ ಹರಿಯುತ್ತದೆ. ಅದು ಬಟ್ಟೆ ಒಣಹಾಕಿದ ಹಾಗೆ ಮೇಲಿನಿಂದ ತೂಗಬೇಕು.

ಪೋಸ್ಟರಿನಂಥ ದೊಡ್ಡ ಹಾಳೆಗೆ ಹೀಗೆ ಮಾಡಿ. ಆಮ್ಲ ಇಲ್ಲದ ಮೌಂಟ್ ಬೋರ್ಡ್, ಅಂದರೆ ಹಾಳೆಯ ಹಿಂದೆ ಇಡುವ ದಪ್ಪ ರಟ್ಟು, ತನ್ನಿ. ಜಪಾನಿ ಟಿಶ್ಯೂ ಅಂತ ಸಿಗುತ್ತದೆ, ತೆಳು, ಉದ್ದ ನಾರಿನ ಕಾಗದ. ಅದರಿಂದ ಬೆರಳಗಲದ ನಾಲ್ಕು ಪಟ್ಟಿ ಹರಿದುಕೊಳ್ಳಿ. ಕತ್ತರಿಸಬೇಡಿ, ಹರಿದ ಅಂಚಿನ ನಾರು ಮೆತ್ತಗೆ ಕೂರುತ್ತದೆ, ಕತ್ತರಿಸಿದ ಅಂಚು ಮುಂದುಗಡೆ ಗೆರೆಯಾಗಿ ಕಾಣುತ್ತದೆ. ಅಂಟಿಗೆ ಮೈದಾ ಬೇಡ, ಅದರ ಜಿಗುಟು ಒಣಗಿ ಗಟ್ಟಿಯಾಗುತ್ತದೆ, ಹುಳುವಿಗೂ ಹಬ್ಬ. ಬೇಕಾಗಿರುವುದು ಬರೀ ಗೋಧಿಯ ಗಂಜಿ. ಹಲ್ವಾಕ್ಕೆ ಗೋಧಿ ಹಾಲು ತೆಗೆಯುತ್ತೀವಲ್ಲ, ಹಾಗೇ. ನೆನೆಸಿ, ರುಬ್ಬಿ, ಸೋಸಿ, ತಳದಲ್ಲಿ ಕೂತ ಬಿಳಿ ಮಡ್ಡಿ ಉಳಿಸಿಕೊಂಡು ಮೇಲಿನ ನೀರು ಚೆಲ್ಲಿ. ಒಂದು ಪಾಲು ಒಣಗಿಸಿದ ಮಡ್ಡಿಗೆ ನಾಲ್ಕೈದು ಪಾಲು ನೀರು, ಸಣ್ಣ ಉರಿ, ಕೈ ಬಿಡದೆ ತಿರುವಿ ಪಾರದರ್ಶಕ ಆಗುವವರೆಗೆ ಬೇಯಿಸಿ. ಆರಿದ ಮೇಲೆ ಸೋಸಿ. ಪೋಸ್ಟರ್ ಮೆತ್ತುವವರು ಅಂಟಿಗೆ ಹಾಕುವ ಮೈಲುತುತ್ತ ಇದಕ್ಕೆ ಹಾಕಬೇಡಿ, ಕಾಗದಕ್ಕೆ ಅದು ವಿಷ.

ಪಟ್ಟಿಯ ತುದಿಗೆ ಅರ್ಧ ಸೆಂಟಿಮೀಟರ್ ಮಾತ್ರ ಗಂಜಿ ಸವರಿ, ಬ್ಲಾಟಿಂಗ್ ಹಾಳೆಗೆ ಒಮ್ಮೆ ಒತ್ತಿ ತೇವ ತೆಗೆದು, ಪೋಸ್ಟರಿನ ಹಿಂದೆ, ಮೇಲಿನ ಅಂಚಿಗೆ ಒತ್ತಿ. ತೂಕ ಇಟ್ಟು ಪೂರ್ತಿ ಒಣಗಲು ಬಿಡಿ. ಇಲ್ಲಿ ಅವಸರ ಮಾಡಿದರೆ ಆ ಜಾಗ ಮುದುಡಿಕೊಳ್ಳುತ್ತದೆ. ಅಂಚಿನಿಂದ ಮೇಲಕ್ಕೆ ಚಾಚಿದ ಭಾಗವನ್ನು ಬೋರ್ಡಿಗೆ ಅಂಟಿಸಿ, ಅದರ ಮೇಲೆ ಅಡ್ಡಲಾಗಿ ಇನ್ನೊಂದು ಪಟ್ಟಿ. ಇಂಥ ಎರಡು ಜೋಡಿ ಸಾಕು, ಎರಡೂ ಮೇಲಿನ ಅಂಚಿಗೇ. ಕೆಳಗಡೆ ಏನೂ ಬೇಡ.

ಸಣ್ಣ ಹ್ಯಾಂಡ್‌ಬಿಲ್ಲಿಗೆ ಇಷ್ಟೆಲ್ಲ ಬೇಡ, ನಾನಂತೂ ಮಾಡಲ್ಲ. ಆಮ್ಲವಿಲ್ಲದ ಕಾಗದ ಮಡಿಚಿ ನಾಲ್ಕು ಮೂಲೆಜೇಬು ಮಾಡಿ, ಅವನ್ನು ಬೋರ್ಡಿಗೆ ಅಂಟಿಸಿ, ಹಾಳೆಯ ಮೂಲೆಗಳನ್ನು ಸಡಿಲವಾಗಿ ಒಳಗೆ ತೂರಿಸಿ. ಹಾಳೆಗೆ ಒಂದು ಹನಿ ಅಂಟೂ ತಾಗುವುದಿಲ್ಲ.

ಮುಂದುಗಡೆ ಕಿಟಕಿ ಕತ್ತರಿಸಿದ ಇನ್ನೊಂದು ಮೌಂಟ್ ಬೇಕೇ ಬೇಕು. ಅಂದಕ್ಕಲ್ಲ, ಗಾಜು ಹಾಳೆಗೆ ತಾಗದಿರಲಿ ಅಂತ. ತಾಗಿದರೆ ತೇವ ಕೂತು ಬೂಷ್ಟು ಹಿಡಿಯುತ್ತದೆ. ಅಂಗಡಿಯಲ್ಲಿ 'ಆಸಿಡ್ ಫ್ರೀ' ಅಂತ ಚೀಟಿ ಅಂಟಿಸಿ ಮಾಮೂಲಿ ಬೋರ್ಡೇ ಕೊಡುವುದುಂಟು. ಅಂಗಡಿಯಲ್ಲಿ ನೇತುಹಾಕಿದ ಹಳೇ ಕಟ್ಟು ನೋಡಿ, ಕಿಟಕಿಯ ಓರೆ ಅಂಚು ಕಂದು ತಿರುಗಿದ್ದರೆ ಬೋರ್ಡು ಬೇರೆ ಕಡೆ ತನ್ನಿ. ಮೌಂಟಿನ ಬಣ್ಣ ಕೆನೆಬಿಳಿ. ಕೆಂಪು ವೆಲ್ವೆಟ್ಟು, ಚಿನ್ನದ ಬಳ್ಳಿ ಕಟ್ಟು ದೇವರ ಫೋಟೊಗೆ ಚೆಂದ. ಆ ಹ್ಯಾಂಡ್‌ಬಿಲ್ಲಿನಲ್ಲಿ ಆಗಲೇ ಹತ್ತು ಥರದ ಅಕ್ಷರ ಕೂಗುತ್ತಿವೆ, ಅದರ ಸುತ್ತ ಸುಮ್ನೆ ಒಂದು ತೆಳು ಕಪ್ಪು ಪಟ್ಟಿ ಇರಲಿ.

ಕಟ್ಟು ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ಹಿಂದಿನ ಹಾರ್ಡ್‌ಬೋರ್ಡಿಗೂ ಪೋಸ್ಟರಿಗೂ ನಡುವೆ ನಿಮ್ಮ ಮೌಂಟ್ ಬೋರ್ಡ್ ಇದೆಯಾ ನೋಡಿಕೊಳ್ಳಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಯಾರದು, ಎಲ್ಲಿ ಸಿಕ್ಕಿತು ಅಂತ ಬರೆದಿಡಿ.

ಗೋಡೆ ಆರಿಸುವುದು ಸುಲಭ: ಬಿಸಿಲು ಬೀಳಬಾರದು, ಮಳೆ ಹೊಡೆಯುವ ಹೊರಗೋಡೆ ಆಗಬಾರದು, ಬಚ್ಚಲಿನ ಪಕ್ಕದ್ದಾಗಬಾರದು, ದೀಪದ ಹೊಗೆ ತಾಗಬಾರದು. ಬಿಸಿಲಿಗೆ ಕಪ್ಪು ಅಕ್ಷರ ಜಗ್ಗುವುದಿಲ್ಲ, ಗುಲಾಬಿ ಮಾತ್ರ ಎರಡೇ ವರ್ಷದಲ್ಲಿ ಬೂದಿಬಣ್ಣಕ್ಕೆ ತಿರುಗಬಹುದು. ಯುವಿ ತಡೆಯುವ ಗಾಜು ಹಾಕಿಸಿದರೂ ಬಿಸಿಲಿಗೆ ಇಡಬೇಡಿ. ಹಲವು ಕಟ್ಟು ಇದ್ದರೆ ಮೊದಲು ನೆಲದ ಮೇಲೆ ಜೋಡಿಸಿ ನೋಡಿ. ಕಟ್ಟಿನ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಇರಲಿ. ನಮ್ಮಲ್ಲಿ ಕಟ್ಟು ಅಂದರೆ ಬಾಗಿಲ ಮೇಲೆ ಹೊಡೆಯುವ ರೂಢಿ, ಅಲ್ವಾ? ಅಷ್ಟು ಮೇಲಿದ್ದರೆ ನಟರ ಹೆಸರು ಓದೋರು ಯಾರು? ಕೆಳಗಿನ ಎರಡು ಮೂಲೆಗೆ ಹಿಂದುಗಡೆ ರಬ್ಬರಿನ ಬಿಲ್ಲೆ ಅಂಟಿಸಿ, ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡಲಿ.

ಮಳೆಗಾಲ ಮುಗಿದ ಮೇಲೆ, ಹೇಗೂ ಆಯುಧಪೂಜೆಗೆ ಮನೆಯೆಲ್ಲ ಒರೆಸುತ್ತೀರಿ, ಆಗ ಇದನ್ನೂ ಇಳಿಸಿ ಹಿಂಭಾಗದಲ್ಲಿ ಗೆದ್ದಲು, ಬೂಷ್ಟು ಇದೆಯಾ ನೋಡಿ. ಗಾಜು ಒರೆಸುವ ದ್ರವವನ್ನು ಮಾತ್ರ ಗಾಜಿಗೆ ನೇರವಾಗಿ ಸಿಂಪಡಿಸಬೇಡಿ, ಕೆಳಗಿನ ಅಂಚಿನಿಂದ ಒಳಗಿಳಿಯುತ್ತದೆ. ಬಟ್ಟೆಗೆ ಹಾಕಿಕೊಂಡು ಒರೆಸಿ.