ಸೊಪ್ಪು ತೊಳೆದ ಹಾಗೆ ಕಾರು ತೊಳೆಯಬೇಕಂತೆ!

ಕಾರು ತಗೊಂಡು ಇನ್ನೂ ಎಂಟು ತಿಂಗಳು. ಕಪ್ಪು ಬಣ್ಣ. ಒಂದು ರಾತ್ರಿ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದಾಗ ಮೇಲಿನ ಬಿಳಿ ಲೈಟು ಬಾನೆಟ್ ಮೇಲೆ ಬಿದ್ದಿತ್ತು. ಆ ಬೆಳಕಿನ ಸುತ್ತ ಜೇಡರ ಬಲೆ ಕಟ್ಟಿದ ಹಾಗೆ ಸಣ್ಣ ಸಣ್ಣ ಗೀರು. ಧೂಳಿರಬೇಕು ಅಂತ ಬೆರಳಲ್ಲಿ ಒರೆಸಿದೆ. ಹೋಗಲಿಲ್ಲ.

ಕಳ್ಳನನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ದಿನಾ ಬೆಳಿಗ್ಗೆ ಹಳೇ ಬನಿಯನ್ ಹಿಡಿದು, ಒಂದು ಹನಿ ನೀರೂ ಹಾಕದೆ, ಕಾರನ್ನು ಒರೆಸುತ್ತಿದ್ದವನು ನಾನೇ. ಬೆಂಗಳೂರಿನ ನಮ್ಮ ರಸ್ತೆಯಲ್ಲಿ ಆಗ ಎರಡು ಮನೆ ಏಳುತ್ತಿದ್ದವು. ಎಂ-ಸ್ಯಾಂಡ್ ಅಂದರೆ ಪುಡಿ ಮಾಡಿದ ಕಲ್ಲು ತಾನೇ? ಅದರ ಧೂಳನ್ನು ಬನಿಯನ್ನಿನಲ್ಲಿ ಹಿಡಿದು ಪೇಂಟಿನ ಮೇಲೆ ಗರಗರ ತಿಕ್ಕುತ್ತಿದ್ದೆ. ಅದೂ ಪ್ರೀತಿಯಿಂದ.

ಬಣ್ಣದ ಮೇಲೆ ಹೊಳಪು ಕೊಡುವ ಒಂದು ಪದರ ಇರುತ್ತದೆ, ಕ್ಲಿಯರ್ ಕೋಟ್ ಅಂತ. ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ. ಜೆರಾಕ್ಸ್ ಹಾಳೆಯೇ ಸುಮಾರು 100 ಮೈಕ್ರಾನ್ ಇರುತ್ತದೆ, ಅದರ ಅರ್ಧ ಅಂದುಕೊಳ್ಳಿ. ಪಾಲಿಶ್ ಮಾಡಿಸಿದರೆ ಗೀರು ತುಂಬುತ್ತದೆ ಅಂತ ನಾನು ತಿಳಿದಿದ್ದೆ. ಇಲ್ಲ, ಗೀರಿನ ಅಕ್ಕಪಕ್ಕದ ಪದರವನ್ನೇ ಸವೆಸಿ ಮಟ್ಟ ಮಾಡುತ್ತಾರೆ. ಹಾಗೆ ಎಷ್ಟು ಸಲ ಸವೆಸೋಕಾಗುತ್ತೆ?

ಒಣಗಿದ ಧೂಳು ಒರೆಸುವುದನ್ನು ಬಿಟ್ಟು ಭಾನುವಾರ ತೊಳೆಯಲು ಶುರು ಮಾಡಿದೆ. ಒಂದು ಬಕೆಟ್, ಒಂದು ಸ್ಪಾಂಜ್, ಶಾಂಪೂ. ಮುಗಿಸಿ ಬಕೆಟ್ ಬಗ್ಗಿಸಿದಾಗ ಅಡಿಯಲ್ಲಿ ಬೂದು ಬಣ್ಣದ ಮರಳು. ಅಮ್ಮ ಜಗಲಿ ಮೇಲೆ ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದರು.

"ಅಲ್ಲ ಕಣೋ, ಅದೇ ಮಣ್ಣಿಗೆ ಅದ್ದಿ ಅದ್ದಿ ಮತ್ತೆ ಅಲ್ಲೇ ಹಚ್ತಾ ಇದ್ದೀಯಲ್ಲ. ಸೊಪ್ಪು ತೊಳೆಯೋದು ನೋಡಿಲ್ವಾ? ಮಣ್ಣು ಅಡೀಲಿ ಕೂರಬೇಕು, ಸೊಪ್ಪು ಮೇಲಿಂದ ಎತ್ತಬೇಕು."

ಅಮ್ಮ ಕಾರು ಓಡಿಸುವುದಿಲ್ಲ. ಆದರೂ ಎರಡು ಬಕೆಟ್ಟಿನ ಪದ್ಧತಿಯ ಸಾರ ಪೂರ್ತಿ ಆ ಮಾತಿನಲ್ಲಿತ್ತು.

ಈಗ ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬರೀ ನೀರಿನ ಬಕೆಟ್ಟಿನ ತಳಕ್ಕೆ ತರಕಾರಿ ತೊಳೆಯುವ ತೂತಿನ ಪ್ಲಾಸ್ಟಿಕ್ ಬುಟ್ಟಿಯನ್ನು ಬೋರಲು ಹಾಕುತ್ತೇನೆ. ಬಟ್ಟೆಯನ್ನು ಅದರ ಮೇಲೆ ಉಜ್ಜಿದರೆ ಮರಳು ತೂತಿನಿಂದ ಕೆಳಗಿಳಿದು ಅಲ್ಲೇ ಉಳಿಯುತ್ತದೆ, ಕೈಗೆ ಮತ್ತೆ ಸಿಗುವುದಿಲ್ಲ. ಒಂದು ಬಾಗಿಲು ಮುಗಿದ ತಕ್ಷಣ ಬಟ್ಟೆ ಮೊದಲು ಬರೀ ನೀರಿಗೆ, ಹಿಂಡಿ ಆಮೇಲೆ ಶಾಂಪೂಗೆ. ಸ್ಪಾಂಜ್ ಬಿಟ್ಟೆ, ಕಲ್ಲಿನ ಚೂರು ಅದರ ಚಪ್ಪಟೆ ಮೈಗೆ ಅಂಟಿ ಕೂರುತ್ತದೆ. ಉದ್ದ ನೂಲಿನ ಮೈಕ್ರೋಫೈಬರ್ ಗ್ಲೌಸ್ ವಾಸಿ.

ಇದಕ್ಕಿಂತ ಮುಖ್ಯವಾದ ಕೆಲಸ ಕಾರಿಗೆ ಕೈ ತಾಗಿಸುವ ಮುಂಚಿನದು. ಗಿಡಕ್ಕೆ ಔಷಧಿ ಹೊಡೆಯುವ ಎರಡು ಲೀಟರಿನ ಕೈಪಂಪಿನಲ್ಲಿ (ಔಷಧಿ ಯಾವತ್ತೂ ತುಂಬಿರದ ಹೊಸದು) ತೆಳು ಶಾಂಪೂ ನೀರು ಹಾಕಿ ಇಡೀ ಕಾರಿಗೆ ಹೊಡೆಯುತ್ತೇನೆ. ಮೂರು ನಾಲ್ಕು ನಿಮಿಷ ನೆನೆಯಲಿ. ಆಮೇಲೆ ಚೊಂಬಿನಿಂದ ಮೇಲಿಂದ ನೀರು ಸುರಿದರೆ ಸಡಿಲಾದ ಧೂಳು ತಾನೇ ಜಾರುತ್ತದೆ. ಪಾರಿವಾಳದ ಹಿಕ್ಕೆ ಇದ್ದರೆ ಒದ್ದೆ ಬಟ್ಟೆ ಹೊದಿಸಿ ಕಾಫಿ ಕುಡಿದು ಬರುತ್ತೇನೆ. ಉಗುರಲ್ಲಿ ಕೆರೆಯಬೇಡಿ, ನಾನು ಕೆರೆದ ಗುರುತು ಟಾಪ್ ಮೇಲೆ ಇನ್ನೂ ಇದೆ.

ತೊಳೆಯುವುದು ಟಾಪ್‌ನಿಂದ ಕೆಳಕ್ಕೆ. ಕೈ ನೇರವಾಗಿ ಓಡಬೇಕು, ಸುತ್ತಿಸಬಾರದು. ಚಕ್ರಕ್ಕೆ ಬೇರೆ ಬಟ್ಟೆ, ಕೊನೆಗೆ. ನೆಲಕ್ಕೆ ಬಿದ್ದ ಬಟ್ಟೆ ಆ ದಿನಕ್ಕೆ ಮುಗೀತು. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ. ಒಮ್ಮೆ ಹಾಕಿದೆ, ಮುತ್ತಿನ ಹಾಗೆ ನಿಲ್ಲುತ್ತಿದ್ದ ನೀರು ಮರುದಿನದಿಂದ ಹರಡಿಕೊಂಡಿತು. ಪೇಂಟಿನ ಮೇಲೆ ಹಚ್ಚಿದ್ದ ವ್ಯಾಕ್ಸ್ (ಮೇಣ) ಹೋಗಿತ್ತು.

ನೀರಿನದ್ದೇ ಬೇರೆ ಕಥೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿಯವರು ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂದರು. ಸರಿಯಾಗಿಯೇ ಇತ್ತು, ಟ್ಯಾಂಕರಿಗೆ ಕಾಯುತ್ತಿದ್ದ ಮನೆಗಳ ಮುಂದೆ ಕಾರು ತೊಳೆಯೋಕೆ ಮುಖ ಬೇಕಲ್ವಾ? ಆಗ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಆರ್‌ಓ ಫಿಲ್ಟರಿನಿಂದ ಹೊರಗೆ ಹೋಗುವ ನೀರು ಹಿಡಿದಿಟ್ಟು ಅದರಲ್ಲೇ ತೊಳೆದೆ. ಒಣಗಿದ ಮೇಲೆ ನೋಡಿದರೆ ಕಾರಿಗೆ ಸುಣ್ಣ ಸಿಡಿಸಿದ ಹಾಗೆ ಮೈಯೆಲ್ಲಾ ಬಿಳಿ ಚುಕ್ಕಿ! ಫಿಲ್ಟರು ನಮ್ಮ ಲೋಟಕ್ಕೆ ಬಿಡದೆ ತಡೆದ ಲವಣವೆಲ್ಲ ಆ ನೀರಲ್ಲೇ ಇರುತ್ತದೆ. ಫಿಲ್ಟರಿಗೆ ಹೋದ ನೀರಿಗಿಂತಲೂ ಗಡಸು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಒಂದೊಂದೇ ಜಾಗ ಒರೆಸಿ, ತಕ್ಷಣ ತೊಳೆದು ಹೆಚ್ಚಿನವನ್ನು ತೆಗೆದೆ.

ಆ ಮಳೆಗಾಲದಿಂದ ತಾರಸಿಯ ಪೈಪಿನ ಕೆಳಗೆ ಒಂದು ಡ್ರಮ್ ಇಟ್ಟಿದ್ದೇನೆ. ಮೊದಲ ಮಳೆಯ ಕೊಳೆ ನೀರು ಬಿಟ್ಟು ಆಮೇಲಿನದು ಹಿಡಿಯುತ್ತೇನೆ. ಮಳೆನೀರಲ್ಲಿ ಲವಣ ಇಲ್ಲವೆಂದೇ ಹೇಳಬಹುದು, ಚುಕ್ಕಿ ಬೀಳುವುದಿಲ್ಲ. ಮೂರು ಬಕೆಟ್ಟಿನಲ್ಲಿ ಇಡೀ ಕಾರು ಮುಗಿಯುತ್ತದೆ. ಬೆಳಿಗ್ಗೆ ಏಳಕ್ಕೆ, ಬಾನೆಟ್ ತಣ್ಣಗಿರುವಾಗಲೇ. ಒರೆಸುವುದಲ್ಲ, ದಪ್ಪ ಟವೆಲ್ ಹಾಸಿ ಒತ್ತಿ ಎತ್ತುವುದು, ನೀರು ಅದೇ ಕುಡಿಯುತ್ತದೆ.

ಹಳೇ ಗೀರುಗಳು ಹಾಗೇ ಇವೆ. ಬಂಕಿನ ಲೈಟಿನಲ್ಲಿ ನೋಡಿದರೆ ಹೊಸದು ಕಾಣುತ್ತಿಲ್ಲ, ಅಷ್ಟು ಸಾಕು. ಅಮ್ಮನಿಗೆ ಮಾತ್ರ ಇನ್ನೂ ಬೇಜಾರು. ಆ ಬುಟ್ಟಿ ಅಡುಗೆಮನೆಯದು, ಕೇಳದೆ ತಗೊಂಡಿದ್ದೆ. "ಇನ್ನು ಅದರಲ್ಲಿ ಸೊಪ್ಪು ತೊಳೆಯೋಕಾಗುತ್ತಾ? ಹೊಸದು ತಂದುಕೊಡು" ಅಂತ ಹೋದ ಭಾನುವಾರವೂ ಕೇಳಿದರು.