ಬೇಟ್ ಬೋಟಿಗೆ ಜಿಪಿಎಸ್ ಕೂರಿಸುವ ಮುನ್ನ

ಹಿಂಡಿ ಉಂಡೆ ಕಟ್ಟಿದ ಗಾಳವನ್ನು ಜೋರಾಗಿ ಬೀಸಿದರೆ ಉಂಡೆ ಗಾಳಿಯಲ್ಲೇ ಒಡೆಯುತ್ತದೆ, ಮೆಲ್ಲಗೆ ಬೀಸಿದರೆ ದಡದ ಹತ್ತಿರವೇ ಬೀಳುತ್ತದೆ. ಈ ತಾಪತ್ರಯಕ್ಕೆ ಯುರೋಪಿನ ಗೆಂಡೆ ಮೀನು ಬೇಟೆಗಾರರು ಕಂಡುಕೊಂಡ ಉಪಾಯ ಬೇಟ್ ಬೋಟ್. ಗಾಳ ಮತ್ತು ಎರೆ ಎರಡನ್ನೂ ಹೊತ್ತು ನೂರಾರು ಮೀಟರ್ ಸಾಗಿ, ಒಂದೇ ಜಾಗದಲ್ಲಿ ಸುರಿದು ವಾಪಸ್ ಬರುವ ರಿಮೋಟ್ ದೋಣಿ ಇದು. ಈಗ ಅಗ್ಗದ ಚೀನಾ ದೋಣಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಸುಮಾರು ಅರ್ಧ ಮೀಟರ್ ಉದ್ದ, ಎರಡು ಬ್ರಷ್ಡ್ ಮೋಟರ್ (ಒಳಗಿನ ಬ್ರಷ್ ಉಜ್ಜುತ್ತಾ ಕರೆಂಟು ದಾಟಿಸುವಂಥವು), 7.4 ವೋಲ್ಟ್ ಬ್ಯಾಟರಿ, ಒಂದೂವರೆ ಕಿಲೋ ಎರೆ ಹಿಡಿಯುವ ತೊಟ್ಟಿ.

ಇಂಥ ದೋಣಿಯನ್ನು ಸುಧಾರಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು, ದೋಣಿ ಗುರುತಿಟ್ಟ ಜಾಗಕ್ಕೆ ತಾನಾಗಿ ಹೋಗಿಬರುವಂತೆ ಮಾಡುವ ಜಿಪಿಎಸ್ ಬೋರ್ಡನ್ನು. ಅದು ಕೊನೆಯ ಕೆಲಸ. ಒಳಗೆ ನೀರು ಜಿನುಗುತ್ತಿದ್ದು ಮೋಟರ್ ಕಿಡಿ ಕಾರುತ್ತಿದ್ದರೆ ಎಷ್ಟೇ ದುಬಾರಿ ಬೋರ್ಡ್ ಹಾಕಿದರೂ ದೋಣಿ ನಡುನೀರಲ್ಲಿ ಗಿರಗಿರನೆ ಸುತ್ತುತ್ತದೆ.

ಮೊದಲು ನೀರು

ಹಲ್ (ದೋಣಿಯ ಒಡಲು) ಒಳಗೆ ಶಾಫ್ಟ್ ಕೊಳವೆಯ (ಮೋಟರಿನಿಂದ ಪ್ರೊಪೆಲ್ಲರಿಗೆ ಹೋಗುವ ಕಡ್ಡಿ ಕೂರುವ ಕೊಳವೆ) ಬುಡ, ಸ್ವಿಚ್ಚಿನ ಕೆಳಗೆ, ಮುಚ್ಚಳದ ಸಂದಿ, ಹೀಗೆ ನಾಲ್ಕೈದು ಕಡೆ ಒಣ ಟಿಶ್ಯೂ ಪೇಪರ್ ಹರಡಿ. ತೊಟ್ಟಿಯಲ್ಲಿ ಒಂದೂವರೆ ಕಿಲೋ ಮರಳು ತುಂಬಿ, ದೊಡ್ಡ ಟಬ್ಬಿನಲ್ಲಿ ಇಪ್ಪತ್ತು ನಿಮಿಷ ತೇಲಿಬಿಡಿ. ಅದರಲ್ಲಿ ಐದು ನಿಮಿಷವಾದರೂ ಮೋಟರ್ ಓಡಲಿ. ನಿಂತಾಗ ಬಿಗಿಯಾಗಿರುವ ಶಾಫ್ಟ್ ತಿರುಗುವಾಗ ಜಿನುಗುವುದುಂಟು. ಆಮೇಲೆ ಬಿಚ್ಚಿ ನೋಡಿದರೆ ಒದ್ದೆಯಾದ ಕಾಗದವೇ ದಾರಿ ತೋರಿಸುತ್ತದೆ.

ಹೆಚ್ಚಿನ ಸಲ ಕಳ್ಳ ಶಾಫ್ಟೇ. ಅದನ್ನು ಹೊರಗೆಳೆದು ಹಳೆಯ ಗ್ರೀಸ್ ಒರೆಸಿ. ಸೂಜಿ ತೆಗೆದ ಸಿರಿಂಜಿನಿಂದ ಕೊಳವೆಯ ಒಂದು ತುದಿಗೆ ಮೆರೈನ್ ಗ್ರೀಸ್ ತುಂಬುತ್ತಾ ಹೋಗಿ, ಇನ್ನೊಂದು ತುದಿಯಲ್ಲಿ ಹೊರಬಂದಾಗ ನಿಲ್ಲಿಸಿ. ನೀರನ್ನು ತಡೆಯುವುದು ಈ ಗ್ರೀಸೇ, ಆದ್ದರಿಂದ ಆಗಾಗ ಮತ್ತೆ ತುಂಬಬೇಕು. ಉಳಿದ ಸಂದಿಗಳಿಗೆ ಸಿಲಿಕೋನ್ ಸಾಕು. ಆದರೆ ವಿನೆಗರ್ ವಾಸನೆಯ ಸಿಲಿಕೋನ್ ಬೇಡವೇ ಬೇಡ. ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಮುಚ್ಚಿದ ಹಲ್ ಒಳಗೆ ತಾಮ್ರದ ತಂತಿಗೆಲ್ಲ ಹಸಿರು ಕಿಲುಬು ಹಿಡಿಯುತ್ತದೆ. ಟ್ಯೂಬಿನ ಮೇಲೆ ‘ನ್ಯೂಟ್ರಲ್ ಕ್ಯೂರ್’ ಎಂದು ಬರೆದಿರಬೇಕು.

ಇಷ್ಟಾದರೂ ದೋಣಿ ಮುಳುಗಲಾರದು ಎಂದು ನಂಬಬೇಡಿ. ಒಂದು ಲೀಟರ್ ಗಾತ್ರದ ಥರ್ಮೋಕೋಲ್ ನೀರಿನಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಭಾರ ಎತ್ತುತ್ತದೆ. ಎರಡು ಲೀಟರ್ ಹಾಲಿನ ಪ್ಯಾಕೆಟ್ಟಿನಷ್ಟು ತುಂಡುಗಳನ್ನು ಮೂತಿಯಲ್ಲೂ ಪಕ್ಕಗಳಲ್ಲೂ ತುರುಕಿ, ಮೋಟರಿನ ಸುತ್ತ ಮಾತ್ರ ಗಾಳಿಗೆ ಜಾಗ ಬಿಡಿ. ರಬ್ಬರ್ ಸೊಲ್ಯೂಷನ್ನಿಂದ ಅಂಟಿಸಿದರೆ ಥರ್ಮೋಕೋಲ್ ಕರಗಿಹೋಗುತ್ತದೆ.

ಬ್ಯಾಟರಿ: ವೋಲ್ಟೇಜ್ ಅಲ್ಲ, ಆಂಪಿಯರ್-ಅವರ್

ಮೂರು ಸೆಲ್ಲಿನ 11.1 ವೋಲ್ಟ್ ಬ್ಯಾಟರಿ ಹಾಕಿದರೆ ದೋಣಿ ಹಾರುತ್ತದೆ ಎಂಬುದು ಆಸೆ ಅಷ್ಟೇ. ಅರ್ಧ ಮೀಟರ್ ಉದ್ದದ ಹಲ್ ಗಂಟೆಗೆ 3 ಕಿ.ಮೀ. ಆಸುಪಾಸು ದಾಟಿದ ಮೇಲೆ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕಾಗುತ್ತದೆ. ಹೆಚ್ಚುವರಿ ಶಕ್ತಿಯ ಬಹುಪಾಲು ಅಲೆಗೇ ಹೋಗುತ್ತದೆ. ಇತ್ತ ಪ್ರೊಪೆಲ್ಲರ್ ವೇಗ ಏರಿದಂತೆ ಅದರ ಹೊರೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜ್ ಒಂದೂವರೆ ಪಟ್ಟಾದರೆ ಕರೆಂಟು ಎರಡು ಪಟ್ಟು ಮೀರಿ, ಬ್ರಷ್ ಸುಟ್ಟುಹೋಗುತ್ತದೆ.

7.4 ವೋಲ್ಟನ್ನೇ ಉಳಿಸಿಕೊಂಡು 2600 ಎಂಎಎಚ್‌ನ ಆರು 18650 ಲಿಥಿಯಂ ಸೆಲ್‌ಗಳನ್ನು ಹಾಕಿ; ಮೂರು ಮೂರು ಸೆಲ್‌ಗಳನ್ನು ಸಮಾಂತರವಾಗಿ (ಪ್ಯಾರಲಲ್) ಸೇರಿಸಿ, ಆ ಎರಡು ಗುಂಪುಗಳನ್ನು ಸರಣಿಯಲ್ಲಿ (ಸೀರೀಸ್) ಜೋಡಿಸಿ. ಒಟ್ಟು 7.8 ಆಂಪಿಯರ್-ಅವರ್, ತೂಕ 300 ಗ್ರಾಂ ಒಳಗೆ. ಜೊತೆಗೆ 20 ಆಂಪಿಯರ್‌ನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್), ಪ್ಲಸ್ ತಂತಿಗೆ 15 ಆಂಪಿಯರ್‌ನ ಕಾರ್ ಫ್ಯೂಸ್. ಸಾಧಾರಣ ವೇಗದಲ್ಲಿ ಎರಡೂ ಮೋಟರ್ ಸೇರಿ 4 ಆಂಪಿಯರ್ ಎಳೆದರೆ, ಶೇ 80ರಷ್ಟು ಬಳಸಿದರೂ ಒಂದೂವರೆ ಗಂಟೆ ಬರುತ್ತದೆ. ಸೆಕೆಂಡಿಗೆ 0.8 ಮೀಟರಿನಂತೆ 150 ಮೀಟರ್ ಹೋಗಿಬರಲು ಆರೂಕಾಲು ನಿಮಿಷ. ಲೆಕ್ಕಕ್ಕೆ ಹದಿನಾಲ್ಕು ಸುತ್ತು. ಎದುರುಗಾಳಿ, ಕಳೆ ಎಲ್ಲ ನೋಡಿಕೊಂಡು ಹತ್ತು ಎಂದಿಟ್ಟುಕೊಳ್ಳಿ.

ಕಿಡಿಗೆ ಮೂರು ಕೆಪಾಸಿಟರ್

ಬ್ರಷ್ಡ್ ಮೋಟರ್ ತಿರುಗುವಾಗ ಒಳಗೆ ಸಣ್ಣ ಕಿಡಿಗಳು ಏಳುತ್ತಲೇ ಇರುತ್ತವೆ. ರೇಡಿಯೋ ವ್ಯಾಪ್ತಿಯನ್ನು ತಿನ್ನುವುದು ಇವೇ. ಪ್ರತಿ ಮೋಟರಿಗೆ ‘104’ ಎಂದು ಅಚ್ಚಾದ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಮೂರು ಬೇಕು. ಒಂದು ಎರಡು ಟರ್ಮಿನಲ್‌ಗಳ ನಡುವೆ, ಉಳಿದೆರಡು ಒಂದೊಂದು ಟರ್ಮಿನಲ್‌ನಿಂದ ಮೋಟರಿನ ಲೋಹದ ಡಬ್ಬಿಗೆ. ಡಬ್ಬಿಯ ಮೇಲೆ ಬೆಸುಗೆ ಕೂರುವುದಿಲ್ಲ ಎಂಬ ದೂರು ಎಲ್ಲರದ್ದೂ. ಕಡಲೆಕಾಳಿನಷ್ಟು ಜಾಗವನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಫ್ಲಕ್ಸ್ ಹಚ್ಚಿ, 60 ವಾಟ್ ಐರನ್ ಇಟ್ಟರೆ ಮೂರ್ನಾಲ್ಕು ಸೆಕೆಂಡಿಗೆ ಹಿಡಿಯುತ್ತದೆ. 25 ವಾಟ್ ಐರನ್ನಿನಿಂದ ನಿಮಿಷಗಟ್ಟಲೆ ಕಾಯಿಸುತ್ತಾ ಕೂತರೆ ಒಳಗಿನ ಅಯಸ್ಕಾಂತವೇ ಸೊರಗುತ್ತದೆ.

ಹಳೆಯ ಬೋರ್ಡ್ ತೆಗೆದು

ದೋಣಿಯ ಮೂಲ ಬೋರ್ಡಿಗೂ ಜಿಪಿಎಸ್ಸಿಗೂ ಕೂಡಿಬರುವುದಿಲ್ಲ. ಅದನ್ನು ಪೂರ್ತಿ ತೆಗೆದು, ಹಿಂದಕ್ಕೂ ಓಡಿಸಬಲ್ಲ ಎರಡು ಬ್ರಷ್ಡ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ), ಪಿಕ್ಸ್‌ಹಾಕ್ ಮಾದರಿಯ ಆಟೋಪೈಲಟ್ ಬೋರ್ಡ್, ದಿಕ್ಸೂಚಿ ಸಹಿತ ಜಿಪಿಎಸ್ ಮತ್ತು 2.4 ಗಿಗಾಹರ್ಟ್ಸ್‌ನ ಹೊಸ ರಿಮೋಟ್-ರಿಸೀವರ್ ಜೋಡಿಸಿ. ಕಾರಿನ ಇಎಸ್‌ಸಿಗಳಲ್ಲಿ ಮೊದಲ ಸಲ ಹಿಂದೆಳೆದರೆ ಬ್ರೇಕ್, ಎರಡನೇ ಸಲ ರಿವರ್ಸ್. ದೋಣಿಗೆ ಅದು ಆಗದು, ಜಂಪರ್ (ಸಣ್ಣ ಪಿನ್-ಕೊಂಡಿ) ಬದಲಿಸಿ ನೇರ ರಿವರ್ಸ್ ಇಟ್ಟುಕೊಳ್ಳಬಹುದಾದದ್ದನ್ನೇ ಕೊಳ್ಳಿ. ಎರಡೂ ಇಎಸ್‌ಸಿಗಳಿಂದ 5 ವೋಲ್ಟಿನ ಕೆಂಪು ತಂತಿ ಬರುತ್ತದೆ. ಒಂದನ್ನು ಪ್ಲಗ್ಗಿನಿಂದ ಎಳೆದು ಟೇಪ್ ಸುತ್ತಿ.

ಬೋರ್ಡಿಗೆ ಉಚಿತ ಆರ್ಡುರೋವರ್ ತಂತ್ರಾಂಶ ತುಂಬಿ, ಅದನ್ನು ಹೊಂದಿಸುವ ಕಂಪ್ಯೂಟರ್ ತಂತ್ರಾಂಶವಾದ ಮಿಷನ್ ಪ್ಲಾನರ್‌ನಲ್ಲಿ ಫ್ರೇಮ್ ಕ್ಲಾಸ್ 2 ಇಡಿ, ಅಂದರೆ ದೋಣಿ. ಚುಕ್ಕಾಣಿ ಇಲ್ಲದ ಜೋಡಿ ಮೋಟರಿಗೆ ಬೋರ್ಡಿನ ಔಟ್‌ಪುಟ್ ಆದ ಸರ್ವೊ 1ರ ಫಂಕ್ಷನ್ 73 (ಎಡ), ಸರ್ವೊ 3ರದ್ದು 74 (ಬಲ). ತೊಟ್ಟಿಯ ಬಾಗಿಲಿಗೆ ಬೇರೊಂದು ಜಲನಿರೋಧಕ ಸರ್ವೊ (ಆಜ್ಞೆಯಂತೆ ತಿರುಗುವ ಪುಟ್ಟ ಮೋಟರ್). ಇಲ್ಲಿ ಒಂದು ಒಳಗುಟ್ಟಿದೆ. ಎಷ್ಟೋ ದೋಣಿಗಳಲ್ಲಿ ಬಾಗಿಲು ಹಿಡಿದಿಡುವುದು ಅಯಸ್ಕಾಂತ. ಅದು ದಿಕ್ಸೂಚಿಯ ಹತ್ತಿರವಿದ್ದರೆ, ನಿಲ್ಲಬೇಕಾದ ಬಿಂದುವಿನ ಸುತ್ತ ದೋಣಿ ಗಾಣದೆತ್ತಿನಂತೆ ಸುತ್ತುತ್ತದೆ. ಅಯಸ್ಕಾಂತ ತೆಗೆದು ಕೊಕ್ಕೆ ಹಾಕಿ. ಜಿಪಿಎಸ್-ದಿಕ್ಸೂಚಿಯನ್ನು 20 ಸೆಂ.ಮೀ. ಎತ್ತರದ ಪ್ಲಾಸ್ಟಿಕ್ ಕಂಬದ ಮೇಲಿಡಿ, ಕಬ್ಬಿಣದ ಸ್ಕ್ರೂ ಬೇಡ. ಮೋಟರಿನ ಎರಡೂ ತಂತಿಗಳನ್ನು ಹಗ್ಗದಂತೆ ಹೊಸೆದರೆ ಅವುಗಳ ಕಾಂತಕ್ಷೇತ್ರ ಬಹುಪಾಲು ಅಲ್ಲೇ ಅಡಗುತ್ತದೆ. ದಿಕ್ಸೂಚಿಯ ಕ್ಯಾಲಿಬ್ರೇಷನ್ (ಸರಿಹೊಂದಿಸುವಿಕೆ) ಬಯಲಿನಲ್ಲಿ ಮಾಡಿ. ಕಾರು, ಕಬ್ಬಿಣದ ಗೇಟು, ಜೇಬಿನ ಮೊಬೈಲ್ ಎಲ್ಲ ದೂರವಿರಲಿ.

ರಿಸೀವರಿನ ಆಂಟೆನಾವನ್ನೂ ಅದೇ ಕಂಬಕ್ಕೆ ಏರಿಸಿ. ನೀರಿನ ಮಟ್ಟಕ್ಕೆ ಹತ್ತಿರವಿದ್ದಷ್ಟೂ ಸಿಗ್ನಲ್ ಸಾಯುತ್ತದೆ. ಡಬ್ಬದ ಮೇಲೆ ಅಚ್ಚಾಗಿರುವ ದೂರ ಕೆರೆಯಲ್ಲಿ ಸಿಗದಿರಲು ಇದೂ ಒಂದು ಕಾರಣ. ಲ್ಯಾಪ್‌ಟಾಪಿಗೆ ಮಾಹಿತಿ ಕಳಿಸುವ ಟೆಲಿಮೆಟ್ರಿ ಬೇಕೆನಿಸಿದರೆ 915 ಮೆಗಾಹರ್ಟ್ಸ್‌ನದು ಕೊಳ್ಳಬೇಡಿ; ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವುದು 865–868ನ್ನು.

ಸಿಗ್ನಲ್ ತಪ್ಪಿದಾಗ

ಇಡೀ ಪರಿಷ್ಕಾರದಲ್ಲಿ ನಿಜವಾಗಿ ಹಣ ಉಳಿಸುವ ಹಂತ ಇದು. ತಂತ್ರಾಂಶದಲ್ಲಿ ಎಫ್‌ಎಸ್ ಆಕ್ಷನ್ (ಸಿಗ್ನಲ್ ತಪ್ಪಿದಾಗ ಏನು ಮಾಡಬೇಕೆಂಬ ಆಯ್ಕೆ) 1 ಇಟ್ಟರೆ ಸಿಗ್ನಲ್ ಹೋದ ಕೂಡಲೇ ದೋಣಿ ನೇರ ದಾರಿಯಲ್ಲಿ ‘ಮನೆ’ಗೆ, ಅಂದರೆ ಹೊರಟ ಜಾಗಕ್ಕೆ, ಹೊರಡುತ್ತದೆ. ನಡುವೆ ಅಂತರಗಂಗೆ ಹಾಸಿದ್ದರೆ ಅದರೊಳಗೇ ನುಗ್ಗುತ್ತದೆ. 3 ಇಟ್ಟರೆ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನಮ್ಮ ಕೆರೆಗಳಿಗೆ 3 ಲೇಸು. ಬ್ಯಾಟರಿ 6.8 ವೋಲ್ಟಿಗೆ ಇಳಿದಾಗ ವಾಪಸಾಗುವಂತೆಯೂ ಹೊಂದಿಸಿ. ದೋಣಿಯನ್ನು ದಡದ ಮೇಲಿಟ್ಟು ‘ಆರ್ಮ್’ (ಮೋಟರ್ ಓಡಲು ಸಜ್ಜು) ಮಾಡಬೇಡಿ, ಆರ್ಮ್ ಆದ ಜಾಗವೇ ಅದಕ್ಕೆ ಮನೆ. ಹಿಂದಿರುಗುವಾಗ ಏರಿಯ ಕಲ್ಲಿಗೆ ಮೂತಿ ಗುದ್ದಿಕೊಳ್ಳುತ್ತದೆ. ನೀರಲ್ಲಿ ಐದಾರು ಮೀಟರ್ ಒಳಗೆ ಬಿಟ್ಟು ಆರ್ಮ್ ಮಾಡಿ.

ಪರೀಕ್ಷೆಗೆ ದೋಣಿಯ ಹಿಂಬದಿಗೆ ಗಟ್ಟಿ ನೈಲಾನ್ ದಾರ ಕಟ್ಟಿ, ಮೂವತ್ತು ಮೀಟರ್ ಕಳಿಸಿ, ರಿಮೋಟ್ ಆಫ್ ಮಾಡಿ. ತಾನಾಗಿ ತಿರುಗಿ ಬಂದರೆ ಸರಿ. ಸುಮ್ಮನೆ ನಿಂತರೆ ಅಥವಾ ಮುಂದಕ್ಕೇ ಹೋಗುತ್ತಿದ್ದರೆ, ಸಿಗ್ನಲ್ ಹೋದಾಗಲೂ ರಿಸೀವರ್ ಕೊನೆಯ ಆಜ್ಞೆಯನ್ನೇ ಹೇಳುತ್ತಿದೆ ಎಂದರ್ಥ. ರಿಮೋಟಿನ ಫೇಲ್‌ಸೇಫ್ ಮೆನುವಿನಲ್ಲಿ ಥ್ರಾಟಲ್ (ವೇಗದ) ಚಾನೆಲ್‌ನ ಅಂಕಿ 900ಕ್ಕೆ ಇಳಿಯುವಂತೆ ಮಾಡಿ, ಸಿಗ್ನಲ್ ಹೋಯಿತೆಂದು ಬೋರ್ಡ್ ತಿಳಿಯುವ ಮಿತಿಯನ್ನು 950ಕ್ಕೆ ಇಡಿ. ದಾರ ಪ್ರೊಪೆಲ್ಲರಿಗೆ ಸುತ್ತದಂತೆ ಸದಾ ಬಿಗಿ ಹಿಡಿದಿರಬೇಕು. ಮುಂದೆ ಗಾಳದ ದಾರಕ್ಕೂ ಇದೇ ನಿಯಮ.

ಎರೆ ತುಂಬುವಾಗ ತೌಡು-ಹಿಂಡಿಯನ್ನು ಮೊದಲೇ ನೆನೆಸಿ ಉಬ್ಬಿಸಿರಬೇಕು. ಒಣದು ಹಾಕಿದರೆ ದಾರಿಯಲ್ಲೇ ನೀರು ಕುಡಿದು ಬಾಗಿಲಿಗೆ ಕಚ್ಚಿಕೊಳ್ಳುತ್ತದೆ. ಜಿಪಿಎಸ್ ತೋರಿಸುವ ಜಾಗದಲ್ಲಿ ಎರಡು-ಮೂರು ಮೀಟರ್ ಆಚೀಚೆ ಸಹಜ. ಕಾಟ್ಲಾ, ಗೆಂಡೆಗೆ ಅಷ್ಟು ಸಾಕು. ಇನ್ನು, ಕೆರೆಯ ಮೀನು ಗುತ್ತಿಗೆ ಯಾರದೋ ಅವರನ್ನು ಕೇಳಿಯೇ ದೋಣಿ ನೀರಿಗಿಳಿಸಿ.