ಫಿಸಿಯೊ ಓದಾಯ್ತು, ಮೈದಾನಕ್ಕೆ ಇಳಿಯುವುದು ಹೇಗೆ?

ಮಳೆ ನಿಂತು ಗದ್ದೆ ಕೊಯ್ಲು ಮುಗಿಯಿತು ಅಂದರೆ ನಮ್ಮ ಕಡೆ ಹೊನಲು ಬೆಳಕಿನ ಕಬಡ್ಡಿ ಶುರು. ಬಿಪಿಟಿ, ಅಂದರೆ ಫಿಸಿಯೊಥೆರಪಿ ಪದವಿ, ಮುಗಿಸಿದ ವರ್ಷ ತೀರ್ಥಹಳ್ಳಿ ಹತ್ತಿರದ ಒಂದು ಪಂದ್ಯಕ್ಕೆ ಸುಮ್ನೆ ನೋಡಲು ಹೋಗಿದ್ದೆ. ರೇಡ್‌ಗೆ ಹೋದ ಹುಡುಗನ ಮೊಣಕಾಲು ತಿರುಚಿತು. 'ಡಾಕ್ಟ್ರು ಇದ್ದಾರೆ' ಎಂದು ಯಾರೋ ನನ್ನನ್ನೇ ಮುಂದೆ ತಳ್ಳಿದರು. ಟವೆಲಿನಲ್ಲಿ ಐಸ್ ಸುತ್ತಿ ಇಟ್ಟೆ. ಆ ಹುಡುಗ ಕೇಳಿದ್ದು ಒಂದೇ ಮಾತು: 'ಸರ್, ಸೆಮಿಫೈನಲ್ ಆಡಬಹುದಾ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕೂವರೆ ವರ್ಷ ಕಲಿತದ್ದು ಬಿದ್ದವರನ್ನು ಎಬ್ಬಿಸಿ ನಡೆಸುವುದನ್ನು. ಆಟಗಾರನಿಗೆ ನಡೆದರೆ ಸಾಲದು, ಅವನು ಆಡಬೇಕು. ಕ್ರೀಡಾ ವಿಜ್ಞಾನದಲ್ಲಿ ಮುಂದೆ ಓದಬೇಕು ಎನ್ನುವ ಫಿಸಿಯೊ, ವೈದ್ಯ, ನರ್ಸ್ ಯಾರೇ ಆಗಲಿ, ಈ ಪ್ರಶ್ನೆಯನ್ನು ಕಿಸೆಯಲ್ಲಿ ಇಟ್ಟುಕೊಂಡೇ ಕೋರ್ಸ್ ಹುಡುಕಬೇಕು.

ಮೊದಲು ಒಂದು ಸೀಸನ್ ಮೈದಾನದಲ್ಲಿ ನಿಲ್ಲಿ

ಅರ್ಜಿ ಆಮೇಲೆ. ಶಿವಮೊಗ್ಗದ ನೆಹರೂ ಕ್ರೀಡಾಂಗಣಕ್ಕೆ ಬೆಳಿಗ್ಗೆ ಹೋಗಿ ಕೋಚ್‌ಗಳನ್ನು ಮಾತಾಡಿಸಿ. ಊರಿನ ಕಬಡ್ಡಿ, ವಾಲಿಬಾಲ್ ತಂಡದವರಿಗೆ 'ನಾನು ಬರ್ತೀನಿ, ದುಡ್ಡು ಬೇಡ' ಅನ್ನಿ. ಯಾರೂ ಬೇಡ ಅನ್ನುವುದಿಲ್ಲ. ಒಂದು ನೋಟ್‌ಬುಕ್ ಇಡಿ. ಯಾರಿಗೆ ಪೆಟ್ಟಾಯಿತು, ಯಾವ ಕೀಲು, ಮಣ್ಣಿನ ಅಂಕಣವೋ ಮ್ಯಾಟೋ, ಎಷ್ಟು ದಿನಕ್ಕೆ ಮತ್ತೆ ಆಡಲು ಬಂದ, ಎಲ್ಲ ಬರೆಯಿರಿ. ರಾತ್ರಿ ಹನ್ನೆರಡಕ್ಕೆ ಧೂಳಿನಲ್ಲಿ ಕೂತು ಉಳುಕಿದ ಪಾದಕ್ಕೆ ಪಟ್ಟಿ ಸುತ್ತುವುದು ನಿಮಗೆ ಬೇಜಾರು ಅನ್ನಿಸಿದರೆ ಈ ಓದು ನಿಮಗಲ್ಲ. ಎರಡು ವರ್ಷದ ಫೀಸ್ ಉಳಿಯಿತು, ಅಲ್ವಾ?

ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ

ಹೆಸರುಗಳು ಒಂದೇ ಥರ ಕೇಳಿಸುತ್ತವೆ. ಅಲ್ಲೇ ಜಾಸ್ತಿ ಜನ ಎಡವುವುದು.

ಬಿಪಿಟಿ ಆದವರಿಗೆ ನೇರ ದಾರಿ ಎಂಪಿಟಿ, ಅಂದರೆ ಫಿಸಿಯೊಥೆರಪಿಯ ಸ್ನಾತಕೋತ್ತರ ಓದು, ಅದರಲ್ಲಿ ಸ್ಪೋರ್ಟ್ಸ್ ವಿಭಾಗ. ಎರಡು ವರ್ಷ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯಕ್ಕೆ ಸೇರಿದ ಕೆಲವು ಕಾಲೇಜುಗಳಲ್ಲಿ ಇದೆ, ಮಣಿಪಾಲದಲ್ಲೂ ಇದೆ. ಇದನ್ನು ಮುಗಿಸಿದರೂ ನೀವು ಫಿಸಿಯೊನೇ, ಗಾಯದಿಂದ ಆಟದವರೆಗಿನ ದಾರಿ ಬಲ್ಲ ಫಿಸಿಯೊ. ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನದ ಎಂಎಸ್ಸಿ ಬೇರೆ. ಅಲ್ಲಿ ಉಸಿರಾಟದ ಸಾಮರ್ಥ್ಯ ಅಳೆಯುವುದು, ತರಬೇತಿಯ ಹೊರೆ ಲೆಕ್ಕ ಹಾಕುವುದು, ಚಲನೆಯನ್ನು ಕ್ಯಾಮೆರಾದಲ್ಲಿ ಹಿಡಿದು ಬಿಡಿಸುವುದು ಮುಖ್ಯ. ಆ ಪದವಿಯಿಂದ ಚಿಕಿತ್ಸೆ ಕೊಡುವ ಹಕ್ಕು ಬರುವುದಿಲ್ಲ. ಎಂಬಿಬಿಎಸ್ ಆದವರು ಕ್ರೀಡಾ ವೈದ್ಯಕೀಯ ನೋಡಬೇಕು. 1961ರಲ್ಲಿ ಶುರುವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಇದರಲ್ಲಿ ಹಳೆಯ ಹೆಸರು. ಎಂಪಿಎಡ್ ದೈಹಿಕ ಶಿಕ್ಷಣದವರ ಓದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಹತ್ತಿರವೇ ಸಿಗುತ್ತದಲ್ಲ ಎಂದು ಫಿಸಿಯೊಗಳು ಅದನ್ನು ವಿಚಾರಿಸುವುದನ್ನು ನೋಡಿದ್ದೇನೆ. ಅದು ಬೇರೆಯೇ ಹಾದಿ.

ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸುಗಳ ಬಗ್ಗೆ ಒಂದು ಮಾತು. ನಾನೂ ಒಂದಕ್ಕೆ ದುಡ್ಡು ಸುರಿದಿದ್ದೇನೆ. ಎರಡು ದಿನ ಬಣ್ಣಬಣ್ಣದ ಟೇಪ್ ಅಂಟಿಸಲು ಕಲಿಸಿದರು. ಫೋಟೊಗಳು ಚೆನ್ನಾಗಿ ಬಂದಿವೆ.

ಅಥ್ಲೆಟಿಕ್ ಟ್ರೇನರ್ ಅಂದರೆ ಜಿಮ್‌ನವರಲ್ಲ

ಅಮೆರಿಕದಲ್ಲಿ ಇದು ಪ್ರತ್ಯೇಕ ಆರೋಗ್ಯ ವೃತ್ತಿ. ಅಲ್ಲಿನ ವೈದ್ಯರ ಸಂಘ 1990ರಲ್ಲೇ ಇದನ್ನು ಒಪ್ಪಿಕೊಂಡಿತು. ಗಾಯ ಆಗದಂತೆ ನೋಡಿಕೊಳ್ಳುವುದು, ಆದಾಗ ಮೈದಾನದಲ್ಲೇ ಮೊದಲ ತೀರ್ಮಾನ ಮಾಡುವುದು, ಮರಳಿ ಆಟಕ್ಕೆ ತರುವುದು ಇವರ ಕೆಲಸ. ಬಿಸಿಲ ಹೊಡೆತಕ್ಕೆ ಕುಸಿದವನನ್ನು ಮೊದಲು ತಣ್ಣೀರಿನಲ್ಲಿ ತಂಪು ಮಾಡು, ಆಮೇಲೆ ಆಂಬುಲೆನ್ಸ್ ಹತ್ತಿಸು ಎನ್ನುವುದು ಇವರ ಮೊದಲ ಪಾಠಗಳಲ್ಲಿ ಒಂದು. ತಲೆಗೆ ಪೆಟ್ಟು ಬಿದ್ದು ಮಂಕಾದವನನ್ನು ಆ ದಿನ ಮತ್ತೆ ಆಡಿಸಬಾರದು ಎನ್ನುವುದು ಇನ್ನೊಂದು. ನಮ್ಮಲ್ಲಿ ಮುಖಕ್ಕೆ ನೀರು ಎರಚಿ 'ಏನಾಗಲ್ಲ, ಹೋಗೋ' ಅನ್ನುತ್ತೇವೆ.

ಅಲ್ಲಿಗೆ ಹೋಗುವ ಆಸೆ ಇದ್ದರೆ ಒಂದು ವಿಷಯ ಗೊತ್ತಿರಲಿ. ನಮ್ಮ ಬಿಪಿಟಿ ಇಟ್ಟುಕೊಂಡು ಅಥ್ಲೆಟಿಕ್ ಟ್ರೇನರ್ ಪರೀಕ್ಷೆಗೆ ನೇರ ಕೂರಲಾಗದು. ಕೇಟ್ (CAATE) ಎಂಬ ಮಂಡಳಿಯ ಮಾನ್ಯತೆ ಇರುವ ಕಡೆ ಓದಿ, ಆಮೇಲೆ ಬಿಒಸಿ ಎಂಬ ಪ್ರಮಾಣಪತ್ರ ಮಂಡಳಿಯ ಪರೀಕ್ಷೆ ಪಾಸಾಗಬೇಕು. ಪದವಿ ಮಟ್ಟದ ಕೋರ್ಸುಗಳಿಗೆ 2022ರ ನಂತರ ಹೊಸ ಪ್ರವೇಶ ನಿಂತಿದೆ. ಈಗ ವೃತ್ತಿಗೆ ಸೇರಲು ಸ್ನಾತಕೋತ್ತರ ಓದೇ ಬೇಕು. ಬ್ರಿಟನ್ನಿನ ಒಂದು ವರ್ಷದ ಎಂಎಸ್ಸಿ ಮಾಡಿದರೂ ಅಲ್ಲಿ ಫಿಸಿಯೊ ಆಗಿ ಕೆಲಸ ಮಾಡಲು ಬೇರೆ ನೋಂದಣಿ ಬೇಕು. ಏಜೆಂಟರು ಈ ಕೊನೆಯ ಸಾಲು ಹೇಳುವುದು ಕಡಿಮೆ.

ಊರು ಬಿಡಲು ಆಗದವರಿಗೂ ದಾರಿ ಇದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಕ್ರೀಡಾ ಫಿಸಿಯೊಗಳಿಗೂ ವೈದ್ಯರಿಗೂ ಎರಡು ವರ್ಷದ ಡಿಪ್ಲೊಮಾ ನಡೆಸುತ್ತದೆ. ಕೆಲಸ ಮಾಡುತ್ತಲೇ ಓದಬಹುದು.

ಕಾಲೇಜಿನವರನ್ನು ಏನು ಕೇಳಬೇಕು

ಲ್ಯಾಬ್ ಫೋಟೊ ನೋಡಿ ಮರುಳಾಗಬೇಡಿ. ವಾರಕ್ಕೆ ಎಷ್ಟು ಗಂಟೆ ಮೈದಾನದ ಪೋಸ್ಟಿಂಗ್, ಯಾವ ತಂಡದ ಜೊತೆ ಎಂದು ಕೇಳಿ. ಗೈಡ್ ಆಗುವವರು ತಂಡಗಳ ಜೊತೆ ಕೆಲಸ ಮಾಡಿದ್ದಾರಾ? ಆಮೇಲೆ ಸೀನಿಯರ್ ಒಬ್ಬರನ್ನು ಕ್ಯಾಂಟೀನಿಗೆ ಕರೆದು ಮೊಣಕಾಲಿನ ಎಸಿಎಲ್ (ಕೀಲನ್ನು ಹಿಡಿದಿಡುವ ಒಂದು ಅಸ್ಥಿರಜ್ಜು) ಆಪರೇಷನ್ ಆದವನನ್ನು ಯಾವಾಗ ಆಟಕ್ಕೆ ಬಿಡುತ್ತೀರಿ ಎಂದು ಕೇಳಿ. 'ಆರು ತಿಂಗಳು' ಎಂದಷ್ಟೇ ಹೇಳಿದರೆ ಅನುಮಾನ ಪಡಿ. 9 ತಿಂಗಳಿಗೂ ಮೊದಲು ಮರಳಿದವರಿಗೆ ಮತ್ತೆ ಗಾಯವಾಗುವ ಅಪಾಯ ಜಾಸ್ತಿ. ತಿಂಗಳು ತುಂಬಿದರೂ ಸಾಲದು. ಎರಡೂ ಕಾಲಿನ ಬಲ ಅಳೆದು, ಒಂಟಿ ಕಾಲಿನಲ್ಲಿ ಜಿಗಿಸಿ ನೋಡಿ, ಗಾಯದ ಕಾಲು ಇನ್ನೊಂದರ 90 ಶೇಕಡಾದಷ್ಟಾದರೂ ಬಂದಿದೆಯೇ ಎಂದು ನೋಡುವ ರೂಢಿಯಿದೆ. ಅಳೆದ ಮೇಲೇ ಆಟಕ್ಕೆ ಬಿಡುತ್ತೇವೆ ಎನ್ನುವ ಕಾಲೇಜು ಸಿಕ್ಕರೆ ಅಲ್ಲಿಗೆ ಸೇರಿ. ಅಂದು ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವೂ ಇಂಥ ಅಳತೆಯಿಂದಲೇ ಬರಬೇಕಿತ್ತು.

ಇನ್ನು ದಾಖಲೆ. 2021ರ ಕಾಯ್ದೆ ಬಂದ ಮೇಲೆ ಫಿಸಿಯೊಥೆರಪಿ ಸೇರಿದಂತೆ ಇಂಥ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ಇದೆ. ಹಾಗಾಗಿ ನಿಯಮಗಳ ಬಗ್ಗೆ ಹಳೇ ಸೀನಿಯರ್ ಮಾತು ನಂಬದೆ ನೀವು ಸೇರುವ ವರ್ಷದ ಪ್ರವೇಶ ಪ್ರಕಟಣೆಯನ್ನೇ ಓದಿ. ಇಂಟರ್ನ್‌ಶಿಪ್ ಪ್ರಮಾಣಪತ್ರ ಮೊದಲೇ ತೆಗೆದಿಡಿ.

ಪ್ರಬಂಧದ ವಿಷಯ ಊರಲ್ಲೇ ಇದೆ

ಎಂಪಿಟಿಯಲ್ಲಿ ಸಂಶೋಧನಾ ಪ್ರಬಂಧ ಇರುತ್ತದೆ. ಸಿನಾಪ್ಸಿಸ್, ಅಂದರೆ ಪ್ರಬಂಧದ ರೂಪುರೇಷೆ, ಮೊದಲ ವರ್ಷವೇ ಕೊಡಬೇಕು, ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಎಲ್ಲರೂ ಕಾಲೇಜು ಹುಡುಗರ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಎಳೆದು ಅಳೆಯುತ್ತಾರೆ. ನೀವು ನೋಟ್‌ಬುಕ್ ತೆರೆಯಿರಿ. ಮಣ್ಣಿನಲ್ಲಿ ಆಡುವವರ ಪಾದದ ಉಳುಕು ಒಂದು ವಿಷಯ. ನಮ್ಮ ಕೊನೆಗಾರರು ಇನ್ನೊಂದು. ಕಾಲಿಗೆ ತಳೆ (ಮರ ಹತ್ತಲು ಹಾಕುವ ಬಳೆ) ಹಾಕಿ ದಿನಕ್ಕೆ ಎಷ್ಟೋ ಅಡಿಕೆ ಮರ ಹತ್ತುವವರ ಭುಜ, ಸೊಂಟ, ಉಸಿರಿನ ಶಕ್ತಿ ಯಾವ ಕ್ರೀಡಾಪಟುವಿಗೆ ಕಡಿಮೆ? ಈಗ ನೆಲದಲ್ಲೇ ನಿಂತು ಉದ್ದನೆಯ ದೋಟಿಯಲ್ಲಿ ಕೊಯ್ಯುವವರೂ ಇದ್ದಾರೆ. ಅವರ ಕುತ್ತಿಗೆ ನೋವಿನದ್ದು ಬೇರೆ ಕಥೆ. ಗೈಡ್ ಮೊದಲು ನಗಬಹುದು. ನೋಟ್‌ಬುಕ್ ತೋರಿಸಿ.

ಕೊನೆಗೆ ಪ್ರಯಾಣ. ಪ್ರವೇಶದ ಓಡಾಟ ಮಳೆಗಾಲದಲ್ಲೇ ಬಂದರೆ, ಮಣಿಪಾಲಕ್ಕೆ ಹೋಗುವವರು ಹಿಂದಿನ ದಿನವೇ ಹೊರಡಿ. ಆಗುಂಬೆ ಘಾಟಿಯಲ್ಲಿ ಮರ ಬಿದ್ದರೆ ಸಂದರ್ಶನದವರು ಕಾಯುವುದಿಲ್ಲ.